‘ನಾವಡತೀ’ಗೆ ಕನ್ನಡದಲ್ಲಿ ಏನೆನ್ನಬೇಕು?

ಪದಬಳಗದ ಹಿರಿಯರಿಗೂ ಗೆಳೆಯರಿಗೂ ಪುಣೆಯಿಂದ ನಮಸ್ಕಾರ.

ಶ್ರಾವಣ ಸೋಮವಾರಗಳಂದು ಪಕ್ಕದ ಮನೆಯ ಅಜ್ಜಿ ಶಿವನಿಗೆ ಒಂದು ಮುಷ್ಟಿ ಧಾನ್ಯ ಅರ್ಪಿಸಿ, ‘ಶಿವಾಮೂಠ’ ಎಂಬ ಆ ವ್ರತದ ಮರಾಠಿ ಕಹಾಣಿ, ಅಂದರೆ ವ್ರತಕಥೆ, ಓದುತ್ತಾರೆ. ಅದನ್ನು ಮೊಮ್ಮಗಳಿಗೆ ಕನ್ನಡದಲ್ಲಿ ಹೇಳಹೊರಟು ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಆಟಪಾಟ ನಗರದ ರಾಜನಿಗೆ ನಾಲ್ವರು ಸೊಸೆಯರು. ಮೂವರು ಮೆಚ್ಚಿನವರು, ಒಬ್ಬಳು ‘ನಾವಡತೀ’, ಎಂದರೆ ಮನೆಯವರ ಮೆಚ್ಚಿಗೆ ಇಲ್ಲದವಳು. ಅವಳಿಗೆ ಎಂಜಲೂಟ, ಒರಟು ಬಟ್ಟೆ, ದನದ ಕೊಟ್ಟಿಗೆ.

ನಾನು ‘ಒಲ್ಲದ ಸೊಸೆ’ ಎಂದೆ. “ಅವಳು ಯಾರನ್ನು ಒಲ್ಲೆ ಎಂದಳು, ಅಜ್ಜಿ?” ಎಂದು ಮಗು ಕೇಳಿತು. ಅದು ಕೇಳಿದ್ದು ಸರಿಯಾಗಿಯೇ ಇದೆ. ‘ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು’ ಎಂಬ ಗಾದೆಯಲ್ಲಿ ಒಲ್ಲದವನು ಗಂಡನೇ, ಕಲ್ಲು ಹುಡುಕುವವನೂ ಅವನೇ. ಮರಾಠಿಯ ‘ನಾವಡತೀಚೇ ಮೀಠ ಅಳಣಿ’ ಕೂಡ ಅದೇ ಅಡುಗೆಮನೆಯ ಮಾತು; ಅವಳು ಹಾಕಿದರೆ ಉಪ್ಪೂ ಸಪ್ಪೆ. ಆದರೆ ಅಲ್ಲಿ ಹೆಸರು ಸಿಕ್ಕಿರುವುದು ಬಡಿಸುವವಳಿಗೆ. ‘ಬಿಟ್ಟ ಹೆಂಡತಿ’ ಎಂದರೂ ಇದೇ ತೊಡಕು: ಅವಳು ಬಿಟ್ಟಳೋ, ಅವಳನ್ನು ಬಿಟ್ಟರೋ?

ಇಂಥ ಹೆಣ್ಣು ನಮ್ಮ ದೇಶದ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತಾಳೆ. ಬಂಗಾಳಿಯಲ್ಲಿ ಅವಳು ದುಯೋರಾಣಿ, ಮೆಚ್ಚಿನವಳು ಸುಯೋರಾಣಿ. ಹೆತ್ತ ಮಗುವಿನ ಜಾಗದಲ್ಲಿ ಸವತಿಯರು ಕಲ್ಲು ಇಟ್ಟದ್ದರಿಂದ ಅರಮನೆ ಕಳೆದುಕೊಂಡ ರಾಣಿಯ ಕಥೆಯನ್ನು ಯಾರು ಕೇಳಿಲ್ಲ? ಕನ್ನಡದಲ್ಲಿ ನಾವು ಹಿರಿಯ ರಾಣಿ, ಕಿರಿಯ ರಾಣಿ, ಸವತಿ, ಮಲಮಗಳು ಎನ್ನುತ್ತೇವೆ. ಸಂಬಂಧ ತಿಳಿಯುತ್ತದೆ, ಅವಳಿಗೆ ಒದಗಿದ ಗತಿ ತಿಳಿಯುವುದಿಲ್ಲ.

ಕಹಾಣಿಯಲ್ಲಿ ಅವಳ ಬೇಡಿಕೆ ಹೀಗಿದೆ: ‘ನಾವಡತೀ ಆಹೇ ತೀ ಆವಡತೀ ಕರ ರೇ ದೇವಾ.’ ಮೊದಲಿನ ‘ನಾ’ ಎಂಬ ನಕಾರವೊಂದು ಕಳಚಿದರೆ ಅವಳು ‘ಆವಡತೀ’, ಮೆಚ್ಚಿನವಳು; ಅವಳ ಬಾಳೇ ಬೇರೆ. ಹಾಗಾಗಿ ನನಗೆ ಒಂದು ಪದ ಸಾಲದು, ಜೋಡಿಯೇ ಬೇಕು. ‘ಬೇಡಾದವಳನ್ನು ಬೇಕಾದವಳನ್ನಾಗಿ ಮಾಡು, ದೇವರೇ’ ಎಂದರೆ ಹೇಗೆ? ಹತ್ತಿರದವರನ್ನು ‘ನಮಗೆ ಬೇಕಾದವರು’ ಎನ್ನುತ್ತೇವಲ್ಲ, ಆ ಬಿಸುಪು ಇದರಲ್ಲಿದೆ. ‘ಬೇಡಾದ’ ಎಂಬುದು ಸಾಮಾನಿಗೆ ಹೇಳುವ ಮಾತು ಎಂದು ನಮ್ಮ ಯಜಮಾನರ ಆಕ್ಷೇಪ. ಅವಳನ್ನು ಸಾಮಾನಿನಂತೆಯೇ ಕೊಟ್ಟಿಗೆಗೆ ಹಾಕಿದ್ದರು, ಆದ್ದರಿಂದ ಅದೇ ಇರಲಿ ಎಂದು ನನ್ನ ಮನಸ್ಸು.

ಸೊಲ್ಲಾಪುರ, ಅಕ್ಕಲಕೋಟೆ, ಬೆಳಗಾವಿ ಕಡೆಯವರನ್ನು ವಿಶೇಷವಾಗಿ ಕೇಳುತ್ತೇನೆ: ಕಥೆ ಹೇಳುವಾಗ ನಿಮ್ಮ ಅಜ್ಜಿಯರು ಇವಳನ್ನು ಏನೆಂದು ಕರೆಯುತ್ತಿದ್ದರು? ನೆನಪಿದ್ದರೆ ಆ ವಾಕ್ಯವನ್ನು ಹಾಗೆಯೇ ಬರೆದು ಕಳುಹಿಸಿ. ಬರುವ ಸೋಮವಾರ ಎಳ್ಳಿನ ಮುಷ್ಟಿ. ಮಗು ಮತ್ತೆ ಇದೇ ಕಥೆ ಕೇಳುತ್ತದೆ.