ಹಾಲು, ಸೊಪ್ಪು, ಮೀನು: ಅಂಗಡಿಯವರ ಪ್ರಶ್ನೆ, ಆಹಾರ ತಂತ್ರಜ್ಞರ ಉತ್ತರ

ಆಹಾರ ತಂತ್ರಜ್ಞ: ಎಲ್ಲರಿಗೂ ನಮಸ್ಕಾರ. ನಮ್ಮ ಮಂಗಳೂರು-ಉಡುಪಿ ಅಂಗಡಿಯವರ ಗುಂಪಿನಲ್ಲಿ ಇವತ್ತು ಬೇಗ ಹಾಳಾಗುವ ಸರಕಿನ ಬಗ್ಗೆ ಕೇಳಿ. ಕೋಲ್ಡ್ ಸ್ಟೋರೇಜ್‌ಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಸರಕು ಯಾವುದು, ಎಲ್ಲಿ ಇಟ್ಟಿದ್ದೀರಿ, ಎಷ್ಟು ಹೊತ್ತು ಇತ್ತು, ಇಷ್ಟು ಬರೆಯಿರಿ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಬೊಂದೇಲ್, ದಿನಸಿ ಅಂಗಡಿ: ಸರ್, ಹೊಸ ಮೊಸರು ಬಂದ ಕೂಡಲೇ ಹುಡುಗರು ಅದನ್ನೇ ಮುಂದೆ ಜೋಡಿಸುತ್ತಾರೆ. ಹಳೆಯದು ಹಿಂದೆ ಉಳಿದು ಡೇಟ್ ಮುಗಿಯುತ್ತದೆ. ಏನು ಮಾಡುವುದು?

ಆಹಾರ ತಂತ್ರಜ್ಞ: ಬಂದ ದಿನ ನೋಡಿ ಜೋಡಿಸಬೇಡಿ, ಮುಗಿಯುವ ದಿನ ನೋಡಿ ಜೋಡಿಸಿ. ಇವತ್ತು ಬಂದ ಕ್ರೇಟ್‌ನಲ್ಲಿ ನಿನ್ನೆಯದಕ್ಕಿಂತ ಮೊದಲು ಮುಗಿಯುವ ಪ್ಯಾಕೆಟ್ ಇರುವುದೂ ಉಂಟು. ಮೊದಲು ಮುಗಿಯುವುದು ಗಿರಾಕಿಯ ಕೈಗೆ ಮೊದಲು ಸಿಗಬೇಕು. ಮತ್ತೆ, ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಲಿ. ಹೊರಗೆ ಕಾಣುವ ನಂಬರ್ ಸಾಲದು, ಒಳಗೆ ಬಾಗಿಲ ಹತ್ತಿರ ಒಂದು ಥರ್ಮಾಮೀಟರ್ ಇಡಿ.

ಮಣಿಪಾಲ, ಹಣ್ಣು-ತರಕಾರಿ: ಕೊತ್ತಂಬರಿ ಸಂಜೆಯೊಳಗೆ ಹಳದಿ. ಬಾಳೆಹಣ್ಣು ಫ್ರಿಜ್‌ನಲ್ಲಿಟ್ಟರೆ ಕಪ್ಪು. ಎರಡೂ ಕಡೆ ನಷ್ಟ.

ಆಹಾರ ತಂತ್ರಜ್ಞ: ಬಾಳೆಹಣ್ಣಿಗೆ ಫ್ರಿಜ್ ಬೇಡ. ಸುಮಾರು 13 ಡಿಗ್ರಿಗಿಂತ ಕೆಳಗೆ ಅದರ ಸಿಪ್ಪೆ ಕಪ್ಪಾಗುತ್ತದೆ. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಪಕ್ಕದಲ್ಲಿ ಸೊಪ್ಪು ಇದ್ದರೆ ಅದು ಬೇಗ ಹಳದಿಯಾಗುತ್ತದೆ. ಎರಡನ್ನೂ ದೂರ ಇಡಿ. ಸೊಪ್ಪಿಗೆ ತಂಪು ಬೇಕು, ಒದ್ದೆ ಬಟ್ಟೆ ಮುಚ್ಚಿ. ನೀರು ಸುರಿದು ತೋಯಿಸಿದರೆ ಕೊಳೆಯುತ್ತದೆ.

ಶಂಕರಪುರ, ಹೂವಿನ ವ್ಯಾಪಾರ: ಮಲ್ಲಿಗೆ ಅಟ್ಟೆ (ಹೂವಿನ ಕಟ್ಟು) ಉಳಿದರೆ ಮರುದಿನಕ್ಕೆ ಹೇಗೆ ಇಡುವುದು ಸರ್?

ಕಾಪು, ಮೀನಿನ ಅಂಗಡಿ: ಸರ್, ಸ್ವಲ್ಪ ಅರ್ಜೆಂಟ್. ನಿನ್ನೆ ಸಂಜೆ ಗಾಳಿಮಳೆಗೆ ಕರೆಂಟ್ ಹೋಯಿತು, ಐಸ್ ಸಿಗಲಿಲ್ಲ. ಬಾಕ್ಸ್‌ನಲ್ಲಿದ್ದ ಬಂಗುಡೆಯ ಐಸ್ ರಾತ್ರಿಯೇ ಕರಗಿ ನೀರಾಗಿತ್ತು. ಬೆಳಿಗ್ಗೆ ಹೊಸ ಐಸ್ ಹಾಕಿ ಮಾರಿದೆವು. ವಾಸನೆ ಇರಲಿಲ್ಲ, ಕಿವಿರು ಕೆಂಪೇ ಇತ್ತು. ಮಧ್ಯಾಹ್ನ ಒಂದು ಮನೆಯಿಂದ ಫೋನ್. ಊಟ ಮಾಡಿ ಸ್ವಲ್ಪ ಹೊತ್ತಿಗೆ ಇಬ್ಬರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು. ಅದೇ ಬಾಕ್ಸ್‌ನ ಮೀನು ಒಯ್ದ ಪಕ್ಕದ ಮನೆಯವರಿಗೆ ಏನೂ ಇಲ್ಲ. ಅಲರ್ಜಿ ಇರಬೇಕು ಅಲ್ವಾ? ಉಳಿದದ್ದನ್ನು ಡೀಪ್ ಫ್ರೀಜರ್‌ಗೆ ಹಾಕಿದ್ದೇನೆ.

ಆಹಾರ ತಂತ್ರಜ್ಞ: ಮೊದಲು ಆ ಮನೆಗೆ ಫೋನ್ ಮಾಡಿ. ಕೂಡಲೇ ಡಾಕ್ಟರಿಗೆ ತೋರಿಸಲಿ, ಬಂಗುಡೆ ತಿಂದ ಮೇಲೆ ಹೀಗಾಯಿತು ಅಂತ ಹೇಳಲಿ. ಉಸಿರು ಕಟ್ಟಿದ ಹಾಗಾದರೆ ಒಂದು ನಿಮಿಷವೂ ಕಾಯಬಾರದು. ಆ ಬಾಕ್ಸ್‌ನಿಂದ ಮೀನು ಒಯ್ದವರು ಯಾರ್ಯಾರು ಅಂತ ಗೊತ್ತಿದ್ದರೆ ಅವರಿಗೂ ಹೇಳಿ, ತಿನ್ನಬಾರದು ಅಂತ. ಫ್ರೀಜರ್‌ನಲ್ಲಿ ಇರುವುದನ್ನು ಮಾರಬೇಡಿ.

ಈಗ ಕಾರಣ ಹೇಳುತ್ತೇನೆ, ಮೀನು ಮಾರುವ ಎಲ್ಲರೂ ಓದಿ. ನೀವು ಬರೆದದ್ದು ಹಿಸ್ಟಮಿನ್ ವಿಷಕ್ಕೆ ಹೊಂದುತ್ತದೆ. ಬಂಗುಡೆ, ಬೂತಾಯಿ, ಟ್ಯೂನಾ ಇಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಐಸ್ ಕರಗಿ ಮೀನು ಬೆಚ್ಚಗಾದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ನಮ್ಮ ಕರಾವಳಿಯ ಸೆಕೆಗೆ ಇದಕ್ಕೆ ದಿನಗಟ್ಟಲೆ ಬೇಡ, ಕೆಲವು ಗಂಟೆ ಸಾಕು. ವಾಸನೆ ಬರಲೇಬೇಕು ಅಂತಿಲ್ಲ, ಕಿವಿರು ಕಪ್ಪಾಗಲೇಬೇಕು ಅಂತಿಲ್ಲ. ನನಗೆ ಹೆದರಿಕೆ ಇರುವುದು ಇಲ್ಲೇ, ಯಾಕೆಂದರೆ ನೀವೆಲ್ಲ ಮೂಗನ್ನೇ ನಂಬಿ ವ್ಯಾಪಾರ ಮಾಡುತ್ತೀರಿ. ಒಮ್ಮೆ ಹಿಸ್ಟಮಿನ್ ಆದ ಮೇಲೆ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಫ್ರೀಜರ್‌ನಲ್ಲಿಟ್ಟರೂ ಹೋಗುವುದಿಲ್ಲ.

ಪಕ್ಕದ ಮನೆಯವರಿಗೆ ಯಾಕೆ ಏನೂ ಆಗಲಿಲ್ಲ? ಒಂದೇ ಬಾಕ್ಸ್‌ನಲ್ಲಿ ಒಂದು ಮೀನಿನಲ್ಲಿ ತುಂಬಾ ಇರುತ್ತದೆ, ಇನ್ನೊಂದರಲ್ಲಿ ಕಡಿಮೆ. ಹಾಗಾಗಿ ಒಂದು ಮೀನು ಬೇಯಿಸಿ ತಿಂದು ನೋಡಿ ಉಳಿದದ್ದು ಸರಿಯುಂಟು ಅಂತ ಹೇಳಲು ಆಗುವುದಿಲ್ಲ. ಅಲರ್ಜಿ ಅಂತೀರಿ. ಮೊದಲಿನಿಂದ ಬಂಗುಡೆ ತಿನ್ನುವ ಇಬ್ಬರಿಗೆ ಒಂದೇ ದಿನ, ಒಂದೇ ಊಟದಲ್ಲಿ ಅಲರ್ಜಿ ಶುರುವಾಗುವುದು ಬಹಳ ಅಪರೂಪ.

ಮುಂದಕ್ಕೆ ಹೀಗೆ ಮಾಡಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್. ಅಡಿಗೆ ಐಸ್, ಮಧ್ಯೆ ಐಸ್, ಮೇಲೆ ಐಸ್. ಕರಗಿದ ನೀರು ಹರಿದು ಹೋಗಲು ಬಾಕ್ಸ್‌ಗೆ ತೂತು ಬೇಕು. ಮಂಗಳೂರಿನ ಮೀನುಗಾರಿಕಾ ದಕ್ಕೆಯಿಂದಲೋ ಮಲ್ಪೆ ಬಂದರಿನಿಂದಲೋ ತರುವಾಗ ದಾರಿಯಲ್ಲೂ ಐಸ್ ಇರಬೇಕು, ಅಂಗಡಿಗೆ ಬಂದ ಮೇಲೆ ಹಾಕಿದರೆ ಸಾಲದು. ರಾತ್ರಿ ಐಸ್ ಸಿಗದಿದ್ದರೆ ಅಷ್ಟು ಸ್ಟಾಕ್ ಇಡಬೇಡಿ. ಸಂಜೆಯೇ ರೇಟು ಇಳಿಸಿ ಖಾಲಿ ಮಾಡಿ.

ಸುರತ್ಕಲ್, ಸದಸ್ಯರು: ಸರ್, ಒಂದು ಮೆಸೇಜ್ ಬಂದಿದೆ. ಐಸ್ ಕರಗಿದ ಮೀನನ್ನು ಅರಿಶಿನ, ಉಪ್ಪು, ಲಿಂಬೆರಸದಲ್ಲಿ ಅರ್ಧ ಗಂಟೆ ಇಟ್ಟರೆ ವಿಷ ಎಲ್ಲ ಹೊರಗೆ ಬರುತ್ತದಂತೆ. ಕಾಪುವಿನವರಿಗೆ ಉಪಯೋಗ ಆಗಬಹುದು.

ಆಹಾರ ತಂತ್ರಜ್ಞ: ಬರುವುದಿಲ್ಲ. ವಾಸನೆ ಮುಚ್ಚುತ್ತದೆ, ಅಷ್ಟೇ. ಅದು ಇನ್ನೂ ಅಪಾಯ. ಇದನ್ನು ಯಾರಿಗೂ ಕಳಿಸಬೇಡಿ.

ಬೆಂದೂರ್‌ವೆಲ್, ಹೋಟೆಲ್: ಹುಳಿ ಜಾಸ್ತಿ ಹಾಕಿ ಪುಳಿಮುಂಚಿ (ಹುಳಿ-ಖಾರದ ಮೀನು ಸಾರು) ಮಾಡಿದರೆ?

ಆಹಾರ ತಂತ್ರಜ್ಞ: ಮೇಲೆ ಬರೆದಿದ್ದೇನೆ. ಕುದಿಸಿದರೂ ಹೋಗುವುದಿಲ್ಲ.

ಬಿಜೈ, ಐಸ್‌ಕ್ರೀಂ: ಕರೆಂಟ್ ಹೋದರೆ ಡೀಪ್ ಫ್ರೀಜರ್ ಎಷ್ಟು ಹೊತ್ತು ತಡೆಯುತ್ತದೆ?

ಆಹಾರ ತಂತ್ರಜ್ಞ: ತುಂಬಿದ್ದರೆ, ಬಾಗಿಲು ತೆರೆಯದಿದ್ದರೆ, ಸುಮಾರು 48 ಗಂಟೆ. ಅರ್ಧ ತುಂಬಿದ್ದರೆ 24. ಮಾಮೂಲಿ ಫ್ರಿಜ್ 4 ಗಂಟೆ. ಕರಗಿದ ಐಸ್‌ಕ್ರೀಂ ಮತ್ತೆ ಗಟ್ಟಿ ಮಾಡಿ ಮಾರಬೇಡಿ.

ಸುರತ್ಕಲ್, ಸದಸ್ಯರು: ಅದೆಲ್ಲ ಇರಲಿ. ಹೊರರಾಜ್ಯದ ಮೀನಿಗೆ ಫಾರ್ಮಾಲಿನ್, ಅಂದರೆ ಶವ ಕೆಡದ ಹಾಗೆ ಇಡುವ ರಾಸಾಯನಿಕ, ಹಾಕುತ್ತಾರಲ್ಲ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನೊಣ ಕೂರದಿದ್ದರೆ ಫಾರ್ಮಾಲಿನ್ ಅಂತ ಗ್ಯಾರಂಟಿ.

ಮಲ್ಪೆ, ಮೀನು ವ್ಯಾಪಾರ: ಏನು ಗ್ಯಾರಂಟಿ ಮಾರಾಯ್ರೆ? ಸರಿಯಾಗಿ ಐಸ್ ಹಾಕಿದ ಮೀನಿಗೂ ನೊಣ ಕಡಿಮೆಯೇ. ನೀವು ಹೀಗೆ ಬರೆದು ಬರೆದು ನಮ್ಮ ಗಿರಾಕಿಗಳು ಹೆದರಿದ್ದಾರೆ.

ಸುರತ್ಕಲ್, ಸದಸ್ಯರು: ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಆಗ ನಿಮ್ಮ ಅಂಗಡಿಗೆ ಅಷ್ಟು ಮೀನು ಎಲ್ಲಿಂದ ಬರುತ್ತದೆ, ಅದನ್ನು ಹೇಳಿ.

ಮಲ್ಪೆ, ಮೀನು ವ್ಯಾಪಾರ: ನಾಡದೋಣಿ ಮೀನು ಉಂಟು, ಪೂರ್ವ ಕರಾವಳಿಯಿಂದ ಬರುವುದು ಉಂಟು. ಎಲ್ಲಿಯದು ಅಂತ ಕೇಳಿದವರಿಗೆ ನಾನು ಹೇಳಿಯೇ ಮಾರುತ್ತೇನೆ. ನೀವು ಕೇಳಿದ್ದೀರಾ ಒಂದು ದಿನ?

ಸುರತ್ಕಲ್, ಸದಸ್ಯರು: ವ್ಯಾಪಾರಿಗಳು ವ್ಯಾಪಾರಿಗಳ ಪರವೇ ಮಾತಾಡುವುದು.

ಬೊಂದೇಲ್, ದಿನಸಿ ಅಂಗಡಿ: ಇದು ವ್ಯಾಪಾರಿಗಳದ್ದೇ ಗುಂಪು ಸ್ವಾಮಿ. ಸುಮ್ನೆ ಯಾಕೆ ಜಗಳ?

ಆಹಾರ ತಂತ್ರಜ್ಞ: ಮೀನಿಗೆ ಫಾರ್ಮಾಲಿನ್ ಹಾಕುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ. 2018ರಲ್ಲಿ ಕೇರಳದಲ್ಲಿ ಅಂಥ ಮೀನು ಹಿಡಿದದ್ದೂ ನಿಜ. ಆದರೆ ನೊಣ ನೋಡಿ ಹೇಳಲು ಆಗುವುದಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದಕ್ಕೆಂದೇ ಪರೀಕ್ಷೆಯ ಕಿಟ್ ಮಾಡಿದೆ. ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ, ಇಲ್ಲವಾದರೆ ಸುಮ್ಮನಿರಿ. ಅಲ್ಲಿ ಇಬ್ಬರಿಗೆ ಹುಷಾರಿಲ್ಲ, ನೀವು ಇಲ್ಲಿ ನೊಣ ಎಣಿಸುತ್ತಿದ್ದೀರಿ.

ಶಂಕರಪುರ, ಹೂವಿನ ವ್ಯಾಪಾರ: ಸರ್, ಮಲ್ಲಿಗೆ ಕೇಳಿದ್ದೆ.

ಕಂಕನಾಡಿ, ಬೇಕರಿ: ಉಳಿದ ಬ್ರೆಡ್ ಕಂಪನಿಯವರು ವಾಪಸ್ ತೆಗೆದುಕೊಳ್ಳದಿದ್ದರೆ ಏನು ಮಾಡುವುದು?

ಬ್ರಹ್ಮಾವರ, ಚಿಕನ್ ಅಂಗಡಿ: ಹಾಗಾದರೆ ಅರಿಶಿನ ಹಾಕಿದರೆ ಚಿಕನ್‌ಗೆ ಆಗಬಹುದಾ?

ಆಹಾರ ತಂತ್ರಜ್ಞ: ಅರಿಶಿನದ ಪ್ರಶ್ನೆಗೆ ಇನ್ನು ನಾನು ಉತ್ತರಿಸುವುದಿಲ್ಲ. ಕಾಪುವಿನವರು ಎಲ್ಲಿ? ಆ ಮನೆಯವರು ಹೇಗಿದ್ದಾರೆ?

ಕಾಪು, ಮೀನಿನ ಅಂಗಡಿ: ಡಾಕ್ಟರ್ ಹತ್ತಿರ ಹೋಗಿ ಬಂದರು ಸರ್, ಇಂಜೆಕ್ಷನ್ ಕೊಟ್ಟಿದ್ದಾರೆ, ಕೆಂಪು ಇಳಿದಿದೆ. ಉಳಿದವರಿಗೂ ಫೋನ್ ಮಾಡುತ್ತಿದ್ದೇನೆ. ಫ್ರೀಜರ್‌ನ ಮೀನು ಹೊರಗೆ ತೆಗೆದೆ. ತುಂಬಾ ಉಂಟು. ಬೆಕ್ಕು, ನಾಯಿಗಳಿಗೆ ಹಾಕಬಹುದಾ?

ಆಹಾರ ತಂತ್ರಜ್ಞ: ಬೇಡ. ಆಳವಾಗಿ ಹೊಂಡ ತೋಡಿ ಹೂತುಬಿಡಿ. ಬಾಕ್ಸ್ ಸೋಪು ಹಾಕಿ ತಿಕ್ಕಿ ತೊಳೆದು ಒಣಗಿಸಿ, ಆಮೇಲೆ ಹೊಸ ಮೀನು ತುಂಬಿ.