ಪಿ.ಜೆ. ಬಡಾವಣೆಲಿ ಕೋವರ್ಕಿಂಗ್ ಜಾಗ: ಮೊದ್ಲು ಜನಾನಾ, ಮೊದ್ಲು ಗ್ಲಾಸ್ ಕ್ಯಾಬಿನ್ನಾ?

ಊರಿಗ್_ಬಂದೋನು:
ಎಲ್ರಿಗೂ ನಮಸ್ಕಾರ. ಬೆಂಗ್ಳೂರು ಬಿಟ್ಟು ದಾವಣಗೆರೆಗೆ ವಾಪಸ್ ಬಂದು ಎರಡ್ ವರ್ಷ ಆಯ್ತು, ವರ್ಕ್ ಫ್ರಮ್ ಹೋಮ್. ಮನೇಲಿ ಕೂತು ಸಾಕಾಗೈತೆ, ಕ್ಲೈಂಟ್ ಕಾಲ್ ನಡೀತಿರುವಾಗ್ಲೇ ಅಮ್ಮ ಬಂದು ಸೊಪ್ಪಿನೋನ್ ಬಂದಾನೆ ಚಿಲ್ರೆ ಐತೇನೋ ಅಂತಾರೆ. ಪಿ.ಜೆ. ಬಡಾವಣೆಲಿ ಮಾವನ ಬಿಲ್ಡಿಂಗ್ ಮೊದಲ್ನೇ ಮಹಡಿ ಖಾಲಿ ಐತೆ, 1,400 ಚದರಡಿ, ಬಾಡಿಗೆ 22,000 (ಅಳಿಯ ಅಂತ ಒಂದ್ ರೂಪಾಯಿನೂ ಬಿಟ್ಟಿಲ್ಲ). ಅಲ್ಲಿ ಕೋವರ್ಕಿಂಗ್ ಜಾಗ, ಅಂದ್ರೆ ಬೇರೆ ಬೇರೆ ಕೆಲ್ಸದೋರು ಸೀಟು ಬಾಡಿಗೆಗೆ ತಗೊಂಡು ಒಂದೇ ಕಡೆ ಕೂತು ಕೆಲ್ಸ ಮಾಡೋ ಆಫೀಸು, ಮಾಡೋಣ ಅಂತಿದೀನಿ. ಫ್ರೆಂಡ್ ಒಬ್ಬ ಹೇಳೋದು, ಮಾಡಿದ್ರೆ ಕಾರ್ಪೊರೇಟ್ ಥರಾನೇ ಮಾಡು, ಎಸಿ, ರಿಸೆಪ್ಷನ್, ಗ್ಲಾಸ್ ಕ್ಯಾಬಿನ್, ಕಂಪನಿಗಳಿಗೆ ಹತ್ಹತ್ ಸೀಟು ಒಟ್ಟಿಗೆ ಕೊಡು ಅಂತ. ಇಂಟೀರಿಯರ್‌ಗೆ 14 ಲಕ್ಷ ಕೋಟ್ ಬಂದೈತೆ. ಹೆಂಡ್ತಿ ಹೇಳೋದು, ಮೊದ್ಲು ಹತ್ ಜನ ಸೇರ್ಸು ಆಮೇಲೆ ಟೇಬಲ್ ತಗೊ ಅಂತ. ಯಾರ್ ಮಾತ್ ಕೇಳ್ಲಿ?

ಮಂಡಿಪೇಟೆ_ಲೆಕ್ಕ:
ಹೆಂಡ್ತಿ ಮಾತ್ ಕೇಳ್ರಿ. ಲೆಕ್ಕ ನೋಡಿ, 30 ಸೀಟು, ಒಂದಕ್ಕೆ 3,000, ಪೂರ್ತಿ ತುಂಬಿದ್ರೆ 90,000. ಅರ್ಧ ತುಂಬಿದ್ರೆ 45,000. 14 ಲಕ್ಷ ಸಾಲ ಐದ್ ವರ್ಷಕ್ಕೆ, ನೂರಕ್ಕೆ 11ರ ಬಡ್ಡಿ ಅಂದ್ಕೊಂಡ್ರೂ ತಿಂಗ್ಳಿಗೆ 30,000 ಮೇಲೇನೇ ಕಂತು, ಅದ್ರ ಮೇಲೆ ಮಾವನ 22,000, ಬೆಸ್ಕಾಂ ಕಮರ್ಷಿಯಲ್ ಮೀಟರ್, ಎರಡ್ ಕಡೆಯ ಇಂಟರ್‌ನೆಟ್ (ಒಂದೇ ಲೈನ್ ನಂಬ್ಕೊಂಡ್ರೆ ಕೆಟ್ರಿ), ಕಸ ಗುಡ್ಸೋರ ಸಂಬ್ಳ. ಉಳಿಯೋದೇನು?
ಇನ್ನೊಂದು, ವಹಿವಾಟು ವರ್ಷಕ್ಕೆ 20 ಲಕ್ಷದ ಒಳಗಿದ್ರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ, ಆದ್ರೆ ಕಂಪನಿಯೋರು ಜಿಎಸ್‌ಟಿ ಬಿಲ್ಲೇ ಕೇಳ್ತಾರೆ ಯಾಕಂದ್ರೆ ಅವ್ರಿಗೆ ಕ್ರೆಡಿಟ್ ಸಿಗುತ್ತೆ (ನಮಗೆ ಕೊಟ್ಟ ಜಿಎಸ್‌ಟಿನ ತಾವು ಕಟ್ಬೇಕಾದ ಜಿಎಸ್‌ಟಿಲಿ ಕಳ್ಕೋಬೋದು). ಒಂಟಿಯಾಗಿ ಕೆಲ್ಸ ಮಾಡೋ ಹುಡುಗ್ರಿಗೆ ಅದೇ 18% ಜಿಎಸ್‌ಟಿ ಬರೀ ಹೊರೆ. ಗಿರಾಕಿ ಯಾರು ಅಂತ ಗೊತ್ತಾಗೋವರ್ಗೂ ಗ್ಲಾಸಿಗೆ ಕೈ ಹಾಕ್ಬೇಡಿ.

ದುರ್ಗದ_ಬಂಡೆ:
ಈ ಕೋವರ್ಕಿಂಗ್ ಶುರು ಆಗಿದ್ದೇ ಹಂಗೆ ಅಲ್ವಾ, 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರ್ಯಾಡ್ ನ್ಯೂಬರ್ಗ್ ಅನ್ನೋನು ವಾರಕ್ಕೆ ಎರಡೇ ದಿನ ಒಂದಿಷ್ಟು ಟೇಬಲ್ ಹಾಕ್ದ, ಮೊದಲ್ನೇ ತಿಂಗ್ಳು ಒಂದ್ ನರಪಿಳ್ಳೆನೂ ಬರ್ಲಿಲ್ಲ. ಆ ಕಡೆ ವೀವರ್ಕ್ ಅನ್ನೋ ದೊಡ್ಡ ಕೋವರ್ಕಿಂಗ್ ಕಂಪನಿ 2019ರಲ್ಲಿ 4,700 ಕೋಟಿ ಡಾಲರ್ ಬೆಲೆ ಕಟ್ಟಿಸ್ಕೊಂಡು 2023ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕ್ತು. ಬಿಲ್ಡಿಂಗ್ ಓನರಿಗೆ ವರ್ಷಗಟ್ಲೆ ಕರಾರು, ಸೀಟ್ ತಗೊಂಡೋನು ಯಾವಾಗ್ ಬೇಕಾದ್ರೂ ಎದ್ದು ಹೋಗ್ಬೋದು, ಹೊಡ್ತ ಬಿದ್ದಿದ್ದು ಅಲ್ಲೇ.

ಹಂಗಂತ ‘ಜನ ಸೇರ್ಸು’ ಅನ್ನೋದೂ ಸುಲಭ ಇಲ್ಲ ಮಾರಾಯ್ರೆ. ಚಿತ್ರದುರ್ಗದಲ್ಲಿ ನಾವ್ ನಾಲ್ಕ್ ಜನ ರೂಮ್ ಮಾಡಿದ್ವಿ, ಎಲ್ಲಾ ಸ್ನೇಹಿತ್ರೇ, ರೂಲ್ಸ್ ಯಾಕೆ ಅಂದ್ಕೊಂಡ್ವಿ. ಒಬ್ಬ ತನ್ನ ತಮ್ಮನ್ನ, ಅವ್ನ ಕೆಪಿಎಸ್‌ಸಿ ಓದೋ ದೋಸ್ತ್‌ಗಳ್ನ ತಂದು ಕೂರ್ಸಿದ. ಅವ್ರು ಓದೋರು ನಾವು ಫೋನಲ್ಲಿ ಮಾತಾಡೋರು, ‘ಅಣ್ಣ ಸ್ವಲ್ಪ ಮೆಲ್ಲಗೆ’ ಅಂತ ನಮ್ ರೂಮಲ್ಲಿ ನಮಗೇ ಹೇಳೋರು! ಕರೆಂಟ್ ಬಿಲ್ ಅವ್ನ್ ಕಟ್ತಾನೆ ಅಂತ ಇವ್ನು, ಇವ್ನ್ ಕಟ್ತಾನೆ ಅಂತ ಅವ್ನು, ಕೊನೆಗೆ ಫ್ಯೂಸ್ ಕಿತ್ಕೊಂಡು ಹೋದ್ರು. ಏಳ್ ತಿಂಗ್ಳಿಗೆ ಬೀಗ. ದುಡ್ಡು ಕೇಳೋಕೆ ಮುಲಾಜಿಲ್ದೋನು ಒಬ್ಬ ಇರ್ಬೇಕು, ಅವ್ನಿಗೆ ಸಂಬ್ಳನೂ ಇರ್ಬೇಕು.

ವಿದ್ಯಾನಗರ_ಅಕ್ಕ:
ನಾನು ಡಿಸೈನ್ ಕೆಲ್ಸ ಮಾಡ್ತೀನಿ, ಕ್ಲೈಂಟ್ ಅಮೆರಿಕದೋರು, ಮುಗಿಯೋದು ರಾತ್ರಿ ಹತ್ತಕ್ಕೆ. ಕ್ಯಾಬಿನ್ನಾ ಕಮ್ಯುನಿಟಿನಾ ಅಂತ ನೀವೆಲ್ಲ ಬಡ್ಕೊಳ್ತಿದೀರ, ಹೆಣ್ಮಕ್ಳಿಗೆ ಬೇರೆ ಟಾಯ್ಲೆಟ್ ಐತಾ, ಮೆಟ್ಟಿಲ ಹತ್ರ ಲೈಟ್ ಐತಾ, ಹತ್ತರವರ್ಗೂ ಶಟರ್ ತೆಗ್ದಿರ್ತೀರಾ ಅಂತ ಒಬ್ರಾದ್ರೂ ಕೇಳಿದ್ರಾ? ಇದ್ರೆ ತಿಂಗ್ಳಿಗೆ 3,500 ಕೊಟ್ಟು ನಾನೇ ಬರ್ತೀನಿ, ಇನ್ನಿಬ್ರು ಗೆಳತೀರೂ ಬರ್ತಾರೆ. ಶನಿವಾರ ಮಂಡಕ್ಕಿ ಮಿರ್ಚಿ ತಿನ್ನಿಸಿ ಕಮ್ಯುನಿಟಿ ಅಂತ ಫೋಟೋ ಹಾಕೋದ್ ಮಾತ್ರ ಬೇಡ. ಮಿರ್ಚಿ ಬೇಕು, ಫೋಟೋ ಬೇಡ 😄

ಊರಿಗ್_ಬಂದೋನು:
ಅಕ್ಕಾ ಟಾಯ್ಲೆಟ್ ಒಂದೇ ಐತೆ, ಎರಡ್ನೇದು ಕಟ್ಸೋಕೆ ಎಷ್ಟಾಗುತ್ತೆ ಅಂತ ನಾಳೆ ಪ್ಲಂಬರ್ ಕರಿತೀನಿ. 14 ಲಕ್ಷದ ಕೋಟ್ ವಾಪಸ್. ಹಳೇ ಟೇಬಲ್ ಹತ್ತು, ಮುಂದಿನ ಹಾಲ್ ಮಾತ್ರ, ಹಿಂದಿನ ರೂಮ್ ಯಾವ್ದಾದ್ರೂ ಕಂಪನಿ ಕೇಳಿದ್ರೆ ಆರು ತಿಂಗ್ಳ ಅಡ್ವಾನ್ಸ್ ತಗೊಂಡೇ ಕೊಡೋದು. ಬಿಲ್ ವಸೂಲಿ ಹೆಂಡ್ತಿಗೆ ಬಿಟ್ಟೆ, ಅವ್ಳಿಗೆ ಮುಲಾಜಿಲ್ಲ. ಅರ್ಧ ಜಾಗಕ್ಕೆ ಅರ್ಧ ಬಾಡಿಗೆ ಅಂತ ಮಾವನ ಹತ್ರ ಮಾತಾಡೋಕೆ ಯಾರಾದ್ರೂ ಜೊತೆಗ್ ಬರ್ತೀರಾ? ಬೆಣ್ಣೆ ದೋಸೆ ನಂದು.