‘ಹಳಹಳಿಕೆ’ ಸಾಕೇ, ಬೇರೆ ಪದ ಇದೆಯೇ?

ಗೆಳೆಯರೇ, 19ನೇ ಶತಮಾನದ ಅಮೆರಿಕದ ಚಿತ್ರಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಅಡುಗೆಮನೆ, ಹೊಲ, ಶಾಲೆಯ ಬಯಲು, ಒಲೆಯ ಮುಂದೆ ಕೂತ ಮನೆಮಂದಿ, ಇವನ್ನೆಲ್ಲ ಬರೆದ ಚಿತ್ರಗಳಿಗೆ ಅಲ್ಲಿ ‘ಜಾನ್ರ ಪೇಂಟಿಂಗ್’ ಅನ್ನುತ್ತಾರೆ. ‘ಪ್ರಕಾರ ಚಿತ್ರ’ ಅಂದರೆ ಏನೂ ಹೊಳೆಯುವುದಿಲ್ಲ. ‘ಜನಜೀವನ ಚಿತ್ರ’ ಅಂತ ಬರೆದುಕೊಂಡಿದ್ದೇನೆ.

ತೊಡಕಿರುವುದು ಈ ಚಿತ್ರಗಳ ಮಾತು ಬಂದಾಗ ಎದುರಾಗುವ ‘ನಾಸ್ಟಾಲ್ಜಿಯಾ’ಕ್ಕೆ ಕನ್ನಡ ಪದ ಹುಡುಕುವುದರಲ್ಲಿ. ‘ಸವಿನೆನಪು’ ಅಂತ ಸುಮ್ನೆ ಬರೆದು ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ಈ ಪದ ಕಟ್ಟಿದ್ದು ಒಂದು ಕಾಯಿಲೆಗೆ. ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಮಾತುಗಳು ಅದರಲ್ಲಿವೆ. 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲೂ ಸೇನೆಯ ವೈದ್ಯರು ಸೈನಿಕರ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಬರೆಯುತ್ತಿದ್ದರು. ಅದೇ ಹೊತ್ತಿನಲ್ಲಿ ವಿನ್ಸ್ಲೊ ಹೋಮರ್ ‘ಹೋಮ್, ಸ್ವೀಟ್ ಹೋಮ್’ ಎಂಬ ಚಿತ್ರ ಬರೆದರು. ಡೇರೆಯ ಮುಂದೆ ಇಬ್ಬರು ಸೈನಿಕರು, ದೂರದಲ್ಲಿ ವಾದ್ಯದವರು. ಮನೆಯ ಹಾಡು ಕೇಳಿಸಿದೆ, ಮನೆ ಮಾತ್ರ ಹತ್ತಿರದಲ್ಲಿಲ್ಲ. ಇದನ್ನು ‘ಸವಿ’ ಅನ್ನಲಾದೀತೇ? 1872ರಲ್ಲಿ ಅವರೇ ಬರೆದ ‘ಸ್ನ್ಯಾಪ್ ದ ವಿಪ್’ನಲ್ಲಿ ಬರಿಗಾಲ ಹುಡುಗರು ಕೈಕೈ ಹಿಡಿದು ಓಡುತ್ತಾರೆ, ಕೊನೆಯವರು ಉರುಳಿ ಬೀಳುತ್ತಾರೆ. ಯುದ್ಧ ಮುಗಿದು ಏಳು ವರ್ಷವಾಗಿತ್ತು ಅಂತ ನೆನೆದು ನೋಡಿದರೆ ಆ ಆಟವೂ ಬೇರೆಯಾಗಿಯೇ ಕಾಣುತ್ತದೆ.

ಈಸ್ಟ್‌ಮನ್ ಜಾನ್ಸನ್ ಕೂಡ ಯುದ್ಧದ ವರ್ಷಗಳಲ್ಲೇ ತಾವು ಹುಡುಗರಾಗಿದ್ದ ಮೇನ್ ರಾಜ್ಯಕ್ಕೆ ಹೋಗಿ, ಊರವರು ಸೇರಿ ಮೇಪಲ್ ಮರದ ಸಿಹಿ ರಸ ಕಾಯಿಸಿ ಸಕ್ಕರೆ ಮಾಡುವುದನ್ನು ಮತ್ತೆ ಮತ್ತೆ ಬರೆದರು. ದೊಡ್ಡ ಕಡಾಯಿ, ಹೊಗೆ, ಹರಟೆ. ನೋಡಿದ ಕೂಡಲೇ ನನ್ನ ಬಾಯಿಗೆ ಬಂದ ಪದ ‘ಆಲೆಮನೆ’. ಆದರೆ ಆಲೆ ಅಂದರೆ ಕಬ್ಬಿನ ಗಾಣ. ಮೇಪಲ್‌ಗೆ ಗಾಣ ಬೇಡ, ಕಾಂಡಕ್ಕೆ ತೂತು ಕೊರೆದರೆ ರಸ ತೊಟ್ಟಿಕ್ಕುತ್ತದೆ. ಆದ್ದರಿಂದ ಬಿಟ್ಟೆ, ಮನಸ್ಸಿಲ್ಲದೆಯೇ.

ಹಾಗಾಗಿ ಸದ್ಯಕ್ಕೆ ‘ಹಳಹಳಿಕೆ’ ಹಿಡಿದಿದ್ದೇನೆ. ಅದರಲ್ಲಿ ಸಂಕಟವಿದೆ, ಸರಿ. ಆದರೆ ನನ್ನ ಕಿವಿಗೆ ಪರಿತಾಪವೇ ಜಾಸ್ತಿ ಕೇಳಿಸುತ್ತದೆ, ಮನೆ ಕೇಳಿಸುವುದಿಲ್ಲ. ‘ತವರ ಹಂಬಲ’ದಲ್ಲಿ ಮನೆಯೂ ಇದೆ, ನೋವೂ ಇದೆ. ಆದರೆ ತವರು ಅಂದರೆ ಮದುವೆಯಾದ ಹೆಣ್ಣಿನ ಅಪ್ಪ ಅಮ್ಮನ ಮನೆ ಅಲ್ವಾ? ಸೈನಿಕನಿಗೆ ಅದನ್ನು ಹೇಳಬಹುದೇ?

ಊರು ಬಿಟ್ಟು ದುಡಿಯಲು ಹೋದ ಗಂಡಸಿಗೆ ಮನೆ ನೆನಪಾಗಿ ಊಟ ಸೇರದಿದ್ದರೆ ನಿಮ್ಮ ಕಡೆ ಏನನ್ನುತ್ತಾರೆ? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ ತಿಳಿಸಿ.